ಗೂಡಿನಿಂದ ಗೋಡೆಗೆ: ಸುಣ್ಣದ ಕಸುಬು ಮತ್ತು ತೂಕದ ಲೆಕ್ಕ

ಸುಣ್ಣ ಸುಡುವುದು ಮನುಷ್ಯ ಕಲಿತ ಬಹಳ ಹಳೆಯ ರಾಸಾಯನಿಕ ಕಸುಬುಗಳಲ್ಲಿ ಒಂದು. ಕಲ್ಲನ್ನೋ ಚಿಪ್ಪನ್ನೋ ಬೆಂಕಿಯಲ್ಲಿ ಬೇಯಿಸಿ, ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಅರೆದು ಗೋಡೆಗೆ ಮೆತ್ತಿದರೆ ಕಾಲಕ್ರಮದಲ್ಲಿ ಅದು ಮತ್ತೆ ಕಲ್ಲಾಗುತ್ತದೆ. ಈ ಹಾದಿಯಲ್ಲಿ ಒಂದೇ ವಸ್ತು ಮೂರು ಸಲ ಗುಣ ಬದಲಿಸುತ್ತದೆ. ಮೂರು ಸಲವೂ ಅದರ ತೂಕ ಏರುಪೇರಾಗುತ್ತದೆ. ಸುಟ್ಟ ಕಲ್ಲು ಹಗುರವಾಗುತ್ತದೆ ಎಂಬುದು ಕಸುಬಿನವರಿಗೆ ತಲೆಮಾರುಗಳಿಂದ ಗೊತ್ತಿತ್ತು. ಕಳೆದುಹೋದ ತೂಕ ಎಲ್ಲಿಗೆ ಹೋಯಿತೆಂಬುದು ತಿಳಿದದ್ದು ಮಾತ್ರ 18ನೇ ಶತಮಾನದಲ್ಲಿ, ಅದೂ ಸುಣ್ಣವನ್ನೇ ತಕ್ಕಡಿಗೆ ಹಾಕಿ ತೂಗಿದ ಮೇಲೆ.

ಕಲ್ಲು, ಕಂಕರು, ಚಿಪ್ಪು

ಕರ್ನಾಟಕದಲ್ಲಿ ಸುಣ್ಣಕ್ಕೆ ಮೂರು ಮೂಲಗಳಿವೆ. ಮೊದಲನೆಯದು ಪದರು ಪದರಾಗಿ ಸಿಗುವ ಸುಣ್ಣಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಸುತ್ತಿನಲ್ಲೂ ಬಾಗಲಕೋಟೆ, ಲೋಕಾಪುರಗಳ ಆಸುಪಾಸಿನಲ್ಲೂ ಇದರ ದೊಡ್ಡ ನಿಕ್ಷೇಪಗಳಿವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಕೂಡ ಈ ಜಾತಿಯದೇ. ಎರಡನೆಯದು ಕಪ್ಪು ಮಣ್ಣಿನ ಹೊಲಗಳಲ್ಲಿ, ಹಳ್ಳದ ದಂಡೆಗಳಲ್ಲಿ ಗಂಟುಗಂಟಾಗಿ ಸಿಗುವ ಕಂಕರು. ಸುಣ್ಣಕಲ್ಲಿನ ಗಣಿ ದೂರವಿದ್ದ ಊರುಗಳಿಗೆ ಆಯ್ದು ತಂದ ಕಂಕರೇ ಆಧಾರ. ಮೂರನೆಯದು ಕರಾವಳಿಯ ಚಿಪ್ಪು. ಅಘನಾಶಿನಿಯಂಥ ನದಿಗಳು ಕಡಲು ಸೇರುವ ಅಳಿವೆಗಳ ತಳದಲ್ಲಿ ಬೆಳಚು ಮುಂತಾದ ಮೃದ್ವಂಗಿಗಳ ಸತ್ತ ಚಿಪ್ಪುಗಳು ರಾಶಿರಾಶಿಯಾಗಿ ಹೂತಿರುತ್ತವೆ. ಅವನ್ನು ತೆಗೆದು, ತೊಳೆದು, ಒಣಗಿಸಿ ಸುಡುತ್ತಾರೆ.

ನೋಟಕ್ಕೆ ಈ ಮೂರಕ್ಕೂ ಸಂಬಂಧವೇ ಇಲ್ಲ. ಆದರೆ ಮೂರರ ಮುಖ್ಯ ದ್ರವ್ಯ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ವ್ಯತ್ಯಾಸವಿರುವುದು ಬೆರಕೆಯಲ್ಲಿ. ಕಂಕರಿನಲ್ಲಿ ಮಣ್ಣು ಸೇರಿರುತ್ತದೆ, ಆದ್ದರಿಂದ ಅದರ ಸುಣ್ಣ ಅಷ್ಟು ಬೆಳ್ಳಗಿರುವುದಿಲ್ಲ. ಚಿಪ್ಪು ಹೆಚ್ಚು ಶುದ್ಧ. ಅದರ ಸುಣ್ಣ ನುಣುಪು, ಬಿಳುಪು. ಹಾಗಾಗಿ ಎಲೆಯಡಿಕೆಗೂ ಗೋಡೆಯ ಕೊನೆಯ ಹೊದಿಕೆಗೂ ಚಿಪ್ಪಿನ ಸುಣ್ಣಕ್ಕೆ ಬೇಡಿಕೆ. ಕಟ್ಟಡದ ಒರಟು ಕೆಲಸಕ್ಕೆ ಕಲ್ಲು ಮತ್ತು ಕಂಕರಿನ ಸುಣ್ಣ. ಸುಡುವ ಕೆಲಸವನ್ನೇ ನೆಚ್ಚಿದ ಮನೆತನಗಳಿದ್ದವು. ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಅಡ್ಡಹೆಸರಿನ ಕುಟುಂಬಗಳು ಈಗಲೂ ಇವೆ.

ತಾಂಬೂಲದಿಂದ ಗುಮ್ಮಟಕ್ಕೆ

ಸುಣ್ಣದ ಬಳಕೆಯ ಒಂದು ಹಳೆಯ ದಾರಿ ತಾಂಬೂಲದ್ದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ನಡುವೆ ತಾಂಬೂಲಕ್ಕೂ ಜಾಗವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನವರು ವೀಳ್ಯದೆಲೆಯನ್ನು ಅಡಿಕೆ ಮತ್ತು ಸುಣ್ಣದೊಂದಿಗೆ ಮೆಲ್ಲುವ ಬಗೆಯನ್ನು ಬರೆದಿಟ್ಟಿದ್ದಾನೆ. ತಾಂಬೂಲಕ್ಕೆ ಬೇಕಾಗುವುದು ಬೆರಳ ತುದಿಯಷ್ಟು ಸುಣ್ಣ. ಆದರೆ ಅದು ಬಟ್ಟೆಯಲ್ಲಿ ಸೋಸಿದ್ದಾಗಿರಬೇಕು, ಹರಳು ಉಳಿದಿರಬಾರದು, ಬಾಯಿ ಸುಡುವಷ್ಟು ಖಾರವಾಗಿರಬಾರದು.

ಕಟ್ಟಡಗಳಲ್ಲಿ ಸುಣ್ಣಕ್ಕೆ ದೊಡ್ಡ ಬೇಡಿಕೆ ಬಂದದ್ದು ನಿಧಾನವಾಗಿ. ಚಾಲುಕ್ಯ ಮತ್ತು ಹೊಯ್ಸಳ ದೇವಾಲಯಗಳಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸುವುದೇ ಮುಖ್ಯ ಪದ್ಧತಿ. ಭಾರವೇ ಅವನ್ನು ಹಿಡಿದಿಡುತ್ತದೆ. ವಿಜಯನಗರ ಕಾಲದ ಗೋಪುರಗಳ ರೀತಿ ಬೇರೆ. ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನದು ಇಟ್ಟಿಗೆ ಮತ್ತು ಗಾರೆಯದು, ಅದರ ಮೇಲಿನ ಗೊಂಬೆಗಳೂ ಗಾರೆಯವು. ಹಂಪಿಯ ಕಮಲ ಮಹಲಿನ ಕಮಾನುಗಳ ಮೇಲಿನ ನಯವಾದ ಹೊದಿಕೆಯೂ ಸುಣ್ಣದ್ದೇ. ಬಹಮನಿ ಮತ್ತು ಆದಿಲ್‌ಶಾಹಿ ಕಾಲಕ್ಕೆ ಕಮಾನು, ಗುಮ್ಮಟಗಳು ಬಂದಂತೆ ಗಾರೆಯಿಲ್ಲದೆ ಕಟ್ಟಡವೇ ಇಲ್ಲವೆಂಬಂತಾಯಿತು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಗುಮ್ಮಟದ ದಪ್ಪ ಸುಮಾರು 3 ಮೀಟರ್. ಇಟ್ಟಿಗೆಯ ಸಾಲುಗಳ ನಡುವೆ ದಪ್ಪನಾಗಿ ಗಾರೆ ತುಂಬಿ ಅದನ್ನು ಎಬ್ಬಿಸಲಾಗಿದೆ. ಇಂಥ ಒಂದೊಂದು ಕಟ್ಟಡದ ಹಿಂದೆಯೂ ಎಡೆಬಿಡದೆ ಉರಿದ ಗೂಡುಗಳಿರಲೇಬೇಕು.

ಗೂಡಿನೊಳಗೆ

ಸುಣ್ಣದ ಗೂಡು ಎಂದರೆ ಕಲ್ಲು ಅಥವಾ ಇಟ್ಟಿಗೆಯಿಂದ ಕಟ್ಟಿದ, ಮೇಲ್ಭಾಗ ತೆರೆದ ದುಂಡನೆಯ ಒಲೆ. ಬುಡದಲ್ಲಿ ಗಾಳಿ ಹೋಗಲು ಕಿಂಡಿಗಳಿರುತ್ತವೆ. ಗಣಿಯಿಂದ ಬಂದ ಕಲ್ಲನ್ನು ಮೊದಲು ಸುತ್ತಿಗೆಯಿಂದ ಒಡೆದು ಹೆಚ್ಚುಕಡಿಮೆ ಒಂದೇ ಗಾತ್ರದ ತುಂಡುಗಳಾಗಿ ಮಾಡುತ್ತಾರೆ. ಇದು ಭೌತ ಬದಲಾವಣೆ. ದೊಡ್ಡ ಕಲ್ಲು ಸಣ್ಣ ಕಲ್ಲುಗಳಾಯಿತೇ ಹೊರತು ಕಲ್ಲು ಕಲ್ಲಾಗಿಯೇ ಉಳಿಯಿತು. ಚೂರು, ಪುಡಿಯನ್ನೆಲ್ಲ ಗುಡಿಸಿ ತೂಗಿದರೆ ಮೊದಲಿನ ತೂಕವೇ ಸಿಗುತ್ತದೆ. ಹಾಗಿದ್ದೂ ಈ ಹಂತವನ್ನು ಉದಾಸೀನ ಮಾಡುವಂತಿಲ್ಲ. ತುಂಡು ತೀರ ದೊಡ್ಡದಾದರೆ ಹೊರಗೆ ಬೆಂದು ಒಳಗೆ ಹಸಿ ಉಳಿಯುತ್ತದೆ. ತೀರ ಸಣ್ಣದಾದರೆ ಸಂದುಗಳು ಮುಚ್ಚಿ ಗೂಡಿಗೆ ಉಸಿರು ಕಟ್ಟುತ್ತದೆ.

ಒಂದು ಪದರು ಸೌದೆ ಅಥವಾ ಇದ್ದಿಲು, ಅದರ ಮೇಲೆ ಒಂದು ಪದರು ಕಲ್ಲು, ಹೀಗೆ ಬಾಯಿಯವರೆಗೆ ತುಂಬಿ ಬುಡದಿಂದ ಬೆಂಕಿ ಕೊಡುತ್ತಾರೆ. ಚಿಪ್ಪಿನ ಗೂಡು ಚಿಕ್ಕದು. ಅದಕ್ಕೆ ಗಾಳಿ ಊದುವುದೂ ಉಂಟು. ಒಳಗಿನ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಲ್ಲು ಒಡೆಯದೆ, ಕರಗದೆ, ಒಳಗಿಂದೊಳಗೇ ಬೇರೊಂದು ವಸ್ತುವಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. ಇದು ರಾಸಾಯನಿಕ ಬದಲಾವಣೆ. 100 ಕಿಲೋ ಶುದ್ಧ ಸುಣ್ಣಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಬರುತ್ತದೆ, 44 ಕಿಲೋ ಅನಿಲ ಹೊರಹೋಗುತ್ತದೆ. ತಣ್ಣಗಾದ ಮೇಲೆ ಆ ಅನಿಲ ಸುಮಾರು 24 ಘನ ಮೀಟರ್, ಸಾಧಾರಣ ಕೋಣೆಯೊಂದನ್ನು ತುಂಬುವಷ್ಟು. ಅದಕ್ಕೆ ಬಣ್ಣವಿಲ್ಲ, ಸೌದೆಯ ಹೊಗೆಯ ಜೊತೆಗೇ ಹೋಗುವುದರಿಂದ ಕಣ್ಣಿಗೆ ಬೀಳುವುದೂ ಇಲ್ಲ.

ಬೆಂದ ತುಂಡಿನ ಗಾತ್ರ ಹೆಚ್ಚು ಕುಗ್ಗಿರುವುದಿಲ್ಲ, ಆಕಾರವೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆದರೆ ಕೈಯಲ್ಲಿ ಹಿಡಿದರೆ ಕಲ್ಲಿನ ಭಾರವಿಲ್ಲ. ಅನಿಲ ಹೊರಟ ಜಾಗಗಳೆಲ್ಲ ಸೂಕ್ಷ್ಮ ರಂಧ್ರಗಳಾಗಿ ಉಳಿದಿರುತ್ತವೆ. ಗೂಡು ಬಿಚ್ಚುವಾಗ ಭಾರವೆನಿಸಿದ ತುಂಡನ್ನು ಪಕ್ಕಕ್ಕೆ ಹಾಕುವುದು ಈ ಕಾರಣಕ್ಕೇ: ಭಾರವಿದೆಯೆಂದರೆ ನಡುವೆ ಬೇಯದ ಕಲ್ಲು ಉಳಿದಿದೆ ಎಂದರ್ಥ. ತಕ್ಕಡಿ ಇಲ್ಲದೆಯೇ ತೂಕ ನೋಡಿ ಗುಣ ಹೇಳುವ ಪರೀಕ್ಷೆ ಇದು.

ಸೌದೆಯ ಲೆಕ್ಕವೂ ಇಲ್ಲಿಯೇ ಬರುತ್ತದೆ. ಗಾಡಿಗಟ್ಟಲೆ ಸೌದೆ ಉರಿದು ಕೊನೆಗೆ ಉಳಿಯುವುದು ಬುಟ್ಟಿಗಳಷ್ಟು ಬೂದಿ. ನೋಡಿದವರಿಗೆ ದ್ರವ್ಯ ಮಾಯವಾದಂತೆಯೇ ತೋರುತ್ತದೆ. ನಡೆಯುವುದು ತದ್ವಿರುದ್ಧ. ಒಣ ಸೌದೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಅನಿಲವಾಗುತ್ತದೆ. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿದರೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅನಿಲದ ತೂಕ ಸೌದೆಯ ತೂಕಕ್ಕಿಂತಲೂ ಹೆಚ್ಚು. ಆ ಹೆಚ್ಚಳ ಗಾಳಿಯಿಂದ ಬಂದದ್ದು.

ಎಡಿನ್‌ಬರೋದ ತಕ್ಕಡಿ

18ನೇ ಶತಮಾನದ ನಡುವಿನವರೆಗೆ ಯೂರೋಪಿನ ವಿದ್ವಾಂಸರಲ್ಲಿ ಸುಣ್ಣದ ಬಗ್ಗೆ ಒಂದು ನಂಬಿಕೆ ಬಲವಾಗಿತ್ತು. ಸುಡುವಾಗ ಬೆಂಕಿಯ ಕಣಗಳು ಕಲ್ಲಿನೊಳಗೆ ಹೊಕ್ಕು ಕೂರುತ್ತವೆ, ಸುಣ್ಣ ಚರ್ಮವನ್ನು ಸುಡುವುದು ಆ ಬೆಂಕಿಯಿಂದಲೇ ಎಂಬುದು ಅವರ ವಿವರಣೆ. ನೀರು ಹಾಕಿದಾಗ ಸುಣ್ಣ ಕುದಿಯುವುದನ್ನು ಕಂಡವರಿಗೆ ಇದು ಸಹಜವಾಗಿಯೇ ತೋರಿತು. ಆದರೆ ಬೆಂಕಿ ಒಳಹೊಕ್ಕ ಕಲ್ಲು ಹಗುರವಾಗುವುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಈ ಪ್ರಶ್ನೆ ವೈದ್ಯಶಾಲೆಯ ಬಾಗಿಲಿನಿಂದ ಬಂತು. ಮೂತ್ರಕೋಶದ ಕಲ್ಲಿಗೆ ಸುಣ್ಣದ ತಿಳಿನೀರು ಮದ್ದೆಂದು ಆಗ ಕೊಡುತ್ತಿದ್ದರು. ಚಿಪ್ಪಿನ ಸುಣ್ಣದ ನೀರು ಮೇಲೋ, ಕಲ್ಲುಸುಣ್ಣದ ನೀರು ಮೇಲೋ ಎಂದು ಅಲ್ಲಿನ ಇಬ್ಬರು ಪ್ರಾಧ್ಯಾಪಕರಾದ ರಾಬರ್ಟ್ ವಿಟ್ ಮತ್ತು ಚಾರ್ಲ್ಸ್ ಆಲ್ಸ್ಟನ್ ನಡುವೆ ವಾಗ್ವಾದ ನಡೆದಿತ್ತು. ವೈದ್ಯಕೀಯ ಪದವಿಗೆ ಪ್ರಬಂಧ ಬರೆಯಬೇಕಿದ್ದ ಜೋಸೆಫ್ ಬ್ಲ್ಯಾಕ್ ಆ ಜಗಳಕ್ಕೆ ಸಿಲುಕದೆ, ಸುಣ್ಣವನ್ನೇ ಹೋಲುವ ಮೆಗ್ನೀಷಿಯಾ ಆಲ್ಬಾ ಎಂಬ ಬಿಳಿ ಪುಡಿಯನ್ನು ಆರಿಸಿಕೊಂಡ. 1754ರಲ್ಲಿ ಪ್ರಬಂಧ ಮುಗಿಯಿತು. ಸುಣ್ಣದ ಪ್ರಯೋಗಗಳನ್ನೂ ಸೇರಿಸಿ ವಿಸ್ತರಿಸಿದ ಬರಹ 1756ರಲ್ಲಿ ಅಚ್ಚಾಯಿತು.

ಬ್ಲ್ಯಾಕ್ ಮಾಡಿದ್ದು ಸರಳವಾದ ಕೆಲಸ: ಪ್ರತಿ ಹಂತದಲ್ಲೂ ತೂಗಿದ. 120 ಗ್ರೇನ್ ಸೀಮೆಸುಣ್ಣವನ್ನು ಚೆನ್ನಾಗಿ ಸುಟ್ಟಾಗ 68 ಗ್ರೇನ್ ಉಳಿಯಿತು. ಅದನ್ನು ನೀರಿನಲ್ಲಿ ಅರಳಿಸಿ, ಸಸ್ಯದ ಬೂದಿಯಿಂದ ಬರುವ ಕ್ಷಾರದ ದ್ರಾವಣ ಸೇರಿಸಿದಾಗ ಬಿಳಿ ಪುಡಿ ತಳಕ್ಕಿಳಿಯಿತು. ತೊಳೆದು ಒಣಗಿಸಿ ತೂಗಿದರೆ 118 ಗ್ರೇನ್. ಅದು ಮತ್ತೆ ಸೀಮೆಸುಣ್ಣವೇ ಆಗಿತ್ತು. ಆಮ್ಲ ಹಾಕಿದರೆ ಮೊದಲಿನಂತೆ ನೊರೆಯುಕ್ಕಿ ಗುಳ್ಳೆ ಬರುತ್ತಿತ್ತು, ಸುಟ್ಟ ಸುಣ್ಣಕ್ಕೆ ಹಾಕಿದಾಗ ಬರುತ್ತಿರಲಿಲ್ಲ. ಹಾಗಾದರೆ ಸುಡುವಾಗ ಕಳೆದದ್ದೂ ಆಮ್ಲ ತಾಗಿದಾಗ ಗುಳ್ಳೆಯಾಗಿ ಹೊರಡುವುದೂ ಒಂದೇ. ಅದೊಂದು ಗಾಳಿ; ಉಸಿರಾಡುವ ಸಾಮಾನ್ಯ ಗಾಳಿಯಲ್ಲ, ಘನವಸ್ತುವಿನಲ್ಲಿ ನೆಲೆನಿಂತು ಅದರ ತೂಕಕ್ಕೆ ಪಾಲು ಕೊಡುವ ಬೇರೊಂದು ಗಾಳಿ. ಅದನ್ನು ಅವನು ಸ್ಥಿರವಾಯು ಎಂದು ಕರೆದ. ಇಂದು ಅದು ಇಂಗಾಲದ ಡೈಆಕ್ಸೈಡ್.

ಇದರಿಂದ ಹಳೆಯ ವಿವರಣೆ ತಲೆಕೆಳಗಾಯಿತು. ಸುಣ್ಣ ಖಾರವಾಗುವುದು ಏನೋ ಒಳಹೊಕ್ಕಿದ್ದರಿಂದಲ್ಲ, ಒಂದು ಅನಿಲ ಹೊರಹೋದದ್ದರಿಂದ. ಅನಿಲ ಮರಳಿದರೆ ಖಾರ ಹೋಗುತ್ತದೆ. ಬ್ಲ್ಯಾಕ್‌ನ ಅಳತೆಯಲ್ಲಿ ಕಳೆದ ಪಾಲು ಶೇಕಡಾ 43ಕ್ಕೆ ಸ್ವಲ್ಪ ಮೇಲೆ; ಇಂದಿನ ಲೆಕ್ಕ ಶೇಕಡಾ 44. ಬೆಂಕಿ ಮತ್ತು ಗಾಳಿಯ ಬಗೆಗಿನ ವಾದಗಳನ್ನು ತೂಕದಿಂದ ತೀರ್ಮಾನಿಸಬಹುದು ಎಂಬುದಕ್ಕೆ ಈ ಪ್ರಯೋಗ ಮಾದರಿಯಾಯಿತು.

ನಿಯಮವಾದದ್ದು ಹೇಗೆ

ರಾಸಾಯನಿಕ ಬದಲಾವಣೆಯಲ್ಲಿ ಒಟ್ಟು ದ್ರವ್ಯ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂಬ ಊಹೆ ಬ್ಲ್ಯಾಕ್‌ಗಿಂತ ಮೊದಲೇ ಹಲವರಲ್ಲಿತ್ತು. ರಷ್ಯಾದ ಮಿಖಾಯಿಲ್ ಲೊಮನೊಸೊವ್ 1756ರಲ್ಲಿ ಮುಚ್ಚಿದ ಪಾತ್ರೆಯೊಳಗೆ ಲೋಹಗಳನ್ನು ಕಾಯಿಸಿ, ಹೊರಗಿನ ಗಾಳಿ ಸೇರದಿದ್ದರೆ ತೂಕ ಹೆಚ್ಚುವುದಿಲ್ಲವೆಂದು ಕಂಡಿದ್ದ. ಆದರೆ ಆ ಮಾತನ್ನು ದಿನನಿತ್ಯದ ಪ್ರಯೋಗದ ಕಟ್ಟಳೆಯಾಗಿ ಮಾಡಿದವನು ಪ್ಯಾರಿಸ್ಸಿನ ಆಂಟ್ವಾನ್ ಲವೋಸಿಯೆ.

ಲವೋಸಿಯೆಯ ಮೊದಲ ಸಂಶೋಧನೆ ಕೂಡ ಕಟ್ಟಡದ ವಸ್ತುವೊಂದರ ಮೇಲಿನದು. 1765ರಲ್ಲಿ ಅವನು ಜಿಪ್ಸಮ್ ಕಾಯಿಸಿದಾಗ ಅದು ಬಿಡುವುದು ನೀರನ್ನು, ಆ ಪುಡಿಯನ್ನು ಕಲಸಿದಾಗ ಗಟ್ಟಿಯಾಗುವುದು ಅದೇ ನೀರನ್ನು ಮರಳಿ ಪಡೆದು ಎಂದು ತೋರಿಸಿದ. 1774ರ ಪುಸ್ತಕದಲ್ಲಿ ಬ್ಲ್ಯಾಕ್‌ನ ಸುಣ್ಣದ ಪ್ರಯೋಗಗಳನ್ನು ಪರಿಶೀಲಿಸಿ ತಾನೂ ಮಾಡಿ ನೋಡಿದ. ಅದೇ ವರ್ಷ ಮುಚ್ಚಿದ ಗಾಜಿನ ಬುರುಡೆಯಲ್ಲಿ ತವರವನ್ನು ಕಾಯಿಸಿ ತೂಗಿದ. ಬುರುಡೆ ಮುಚ್ಚಿರುವವರೆಗೆ ತೂಕ ಬದಲಾಗಲಿಲ್ಲ, ತೆರೆದಾಗ ಗಾಳಿ ಒಳನುಗ್ಗಿ ಹೆಚ್ಚಿತು. 1789ರಲ್ಲಿ ಪ್ರಕಟಿಸಿದ ರಸಾಯನಶಾಸ್ತ್ರದ ಪಠ್ಯದಲ್ಲಿ, ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ವಿವರಿಸುವಾಗ ಈ ನಿಯಮವನ್ನು ಸ್ಪಷ್ಟವಾಗಿ ಹೇಳಿದ: ಪ್ರತಿಯೊಂದು ಕ್ರಿಯೆಯ ಮೊದಲೂ ಆಮೇಲೂ ದ್ರವ್ಯದ ಮೊತ್ತ ಒಂದೇ. ಶಾಲೆಯ ಪುಸ್ತಕಗಳಲ್ಲಿ ಇದು ರಾಶಿ ಸಂರಕ್ಷಣೆಯ ನಿಯಮ.

20ನೇ ಶತಮಾನದ ಭೌತವಿಜ್ಞಾನ ಈ ನಿಯಮಕ್ಕೆ ಒಂದು ಸಣ್ಣ ಷರತ್ತು ಸೇರಿಸಿತು. ಶಕ್ತಿಗೂ ರಾಶಿಯಿದೆ, ಆದ್ದರಿಂದ ಶಾಖ ಹೀರುವ, ಬಿಡುವ ಕ್ರಿಯೆಗಳಲ್ಲಿ ರಾಶಿ ಕಿಂಚಿತ್ ಬದಲಾಗಬೇಕು. 100 ಕಿಲೋ ಸುಣ್ಣಕಲ್ಲು ಬೇಯಲು ಹೀರುವ ಶಾಖ ಸುಮಾರು 178 ಮೆಗಾಜೂಲ್. ಅದಕ್ಕೆ ಸಮನಾದ ರಾಶಿ ಸುಮಾರು 2 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಗೂಡಿನ ಲೆಕ್ಕಕ್ಕಾಗಲಿ ಪ್ರಯೋಗಾಲಯದ ಲೆಕ್ಕಕ್ಕಾಗಲಿ ಅದು ಬರುವುದಿಲ್ಲ.

ಅರಳುವುದು

ಗೂಡಿನಿಂದ ಬಂದ ಸುಟ್ಟ ಸುಣ್ಣವನ್ನು ಹಾಗೆಯೇ ಬಳಸಲಾಗದು. ಗುಂಡಿಯಲ್ಲಿ ಹಾಕಿ ನೀರು ಬಿಟ್ಟರೆ ತುಂಡುಗಳು ಮೊದಲು ನೀರು ಹೀರಿ ಸುಮ್ಮನಿರುತ್ತವೆ. ಸ್ವಲ್ಪ ಹೊತ್ತಿಗೆ ಬಿರುಕುಬಿಟ್ಟು, ಸಿಡಿದು, ಆವಿಯೆಬ್ಬಿಸಿ ಕುದಿಯತೊಡಗುತ್ತವೆ. 56 ಕಿಲೋ ಸುಟ್ಟ ಸುಣ್ಣ 18 ಕಿಲೋ ನೀರನ್ನು ತನ್ನದಾಗಿಸಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಆಗ ಹೊರಬರುವ ಶಾಖ ಸುಮಾರು 200 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಈ 18 ಕಿಲೋ ನೀರು ಒದ್ದೆಯಾಗಿ ಅಂಟಿಕೊಂಡದ್ದಲ್ಲ. ಬಿಸಿಲಿಗೆ ಹರವಿದರೂ ಹೋಗುವುದಿಲ್ಲ. ಇದಕ್ಕಿಂತ ಹೆಚ್ಚಾಗಿ ಹಾಕಿದ ನೀರು ಮಾತ್ರ ಬೆರೆತು ನಿಂತಿರುತ್ತದೆ, ಆರಿಹೋಗುತ್ತದೆ. ಒಂದೇ ಗುಂಡಿಯಲ್ಲಿ ನೀರಿನ ಒಂದು ಪಾಲು ರಾಸಾಯನಿಕ ಬದಲಾವಣೆಗೂ ಇನ್ನೊಂದು ಪಾಲು ಭೌತ ಬದಲಾವಣೆಗೂ ಸಲ್ಲುತ್ತದೆ.

ಅರಳಿದ ಸುಣ್ಣ ತೀಕ್ಷ್ಣ ಕ್ಷಾರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಪಕ್ಷಪಾತದ ಬಗ್ಗೆ ಆಡಿದ್ದಾದರೂ ಅದರೊಳಗಿನ ಎಚ್ಚರಿಕೆ ನಿಜವಾದದ್ದು: ಕಣ್ಣಿಗೆ ಬಿದ್ದ ಸುಣ್ಣ ದೃಷ್ಟಿಯನ್ನೇ ಕಳೆಯಬಲ್ಲದು. ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಮುಳುಗಿಸಿ ದಿನಗಟ್ಟಲೆ, ತಿಂಗಳುಗಟ್ಟಲೆ ಕೊಳೆಹಾಕುವ ಪದ್ಧತಿ ಇತ್ತು. ಅರಳದೆ ಉಳಿದ ಹರಳುಗಳು ಆಗ ಪೂರ್ತಿ ಅರಳುತ್ತವೆ. ಹಾಗೆ ಅರಳದ ಹರಳು ಗೋಡೆ ಸೇರಿದರೆ ಆಮೇಲೆ ಅರಳಿ ಹೊದಿಕೆಯನ್ನು ಸಿಡಿಸುತ್ತದೆ. ನೀರಿನ ಹೊದಿಕೆಯಿಂದ ಗಾಳಿಯೂ ತಾಗುವುದಿಲ್ಲ. ಎಲೆಯಡಿಕೆಯ ಸುಣ್ಣದ ಡಬ್ಬಿಯಲ್ಲಿ ಆಗಾಗ ನೀರು ಹನಿಸುವುದೂ ಇದೇ ಉದ್ದೇಶಕ್ಕೆ. ಗಾಳಿಗೆ ಬಿಟ್ಟ ಸುಣ್ಣ ಖಾರ ಕಳೆದುಕೊಂಡು ಹರಳುಗಟ್ಟುತ್ತದೆ.

ಗಾರೆ ಮತ್ತೆ ಕಲ್ಲಾಗುವುದು

ಅರಳಿದ ಸುಣ್ಣಕ್ಕೆ ಮರಳು ಸೇರಿಸಿ ಅರೆದರೆ ಗಾರೆ. ಅರೆಯಲು ನೆಲದಲ್ಲಿ ದುಂಡಗೆ ತೋಡಿದ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಗಾಲಿ, ಗಾಲಿಯನ್ನು ಎಳೆಯಲು ಎತ್ತು. ಹಳೆಯ ಕೋಟೆ, ಗುಡಿಗಳ ಆವರಣದಲ್ಲಿ ಇಂಥ ಕಲ್ಲಿನ ಗಾಲಿಗಳು ಈಗಲೂ ಕಾಣಸಿಗುತ್ತವೆ. ಅರೆಯುವುದು ಭೌತ ಬದಲಾವಣೆ. ಮರಳಿನ ಪ್ರತಿ ಕಣಕ್ಕೂ ಸುಣ್ಣ ಹತ್ತುವಂತೆ ಮಾಡುವುದಷ್ಟೇ ಅದರ ಕೆಲಸ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಬಿಲ್ವದ ಹಣ್ಣಿನ ಅಂಟು ಸೇರಿಸುವ ರೂಢಿಯೂ ಇತ್ತು. ಬೆಲ್ಲದ ಸಕ್ಕರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುವಂತೆ ಮಾಡುತ್ತದೆ. ಅಂಟುಗಳು ಗಾರೆ ಬೇಗ ಆರಿ ಬಿರಿಯದಂತೆ ತಡೆಯುತ್ತವೆ.

ಗೋಡೆಗೆ ಹತ್ತಿದ ಗಾರೆಯಲ್ಲಿ ಎರಡು ಬದಲಾವಣೆಗಳು ಬೇರೆ ಬೇರೆ ವೇಗದಲ್ಲಿ ನಡೆಯುತ್ತವೆ. ಹೆಚ್ಚಿನ ನೀರು ಕೆಲವು ದಿನಗಳಲ್ಲಿ ಆರುತ್ತದೆ. ಅಷ್ಟಕ್ಕೇ ನಿಂತರೆ ಉಗುರಿನಲ್ಲಿ ಕೆರೆದರೂ ಉದುರುವ ಪುಡಿ ಮಾತ್ರ ಉಳಿಯುತ್ತಿತ್ತು. ಗಟ್ಟಿಯಾಗಿಸುವುದು ಎರಡನೆಯ ಬದಲಾವಣೆ: ಅರಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನೀರನ್ನು ಬಿಟ್ಟುಕೊಟ್ಟು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. 74 ಕಿಲೋ ಸುಣ್ಣಕ್ಕೆ 44 ಕಿಲೋ ಅನಿಲ ಸೇರಿ 100 ಕಿಲೋ ಕಲ್ಲು ಮತ್ತು 18 ಕಿಲೋ ನೀರು. ಗೂಡಿನಲ್ಲಿ ಬಿಟ್ಟ 44, ಗುಂಡಿಯಲ್ಲಿ ಸೇರಿದ 18, ಎರಡೂ ಇಲ್ಲಿ ಚುಕ್ತಾ ಆಗುತ್ತವೆ. ಶಾಖದ ಲೆಕ್ಕವೂ ಸರಿಹೊಂದುತ್ತದೆ. ಬೇಯುವಾಗ ಹೀರಿದ 178 ಮೆಗಾಜೂಲ್‌ನಲ್ಲಿ 65 ಅರಳುವಾಗ, 113 ಗಟ್ಟಿಯಾಗುವಾಗ ಮರಳಿ ಬರುತ್ತದೆ. ಮೊದಲನೆಯದು ಗುಂಡಿಯನ್ನು ಕುದಿಸುವಷ್ಟು ರಭಸದ್ದು. ಎರಡನೆಯದು ತಿಂಗಳು, ವರ್ಷಗಳಲ್ಲಿ ಹರಡಿಹೋಗುವುದರಿಂದ ಯಾರ ಕೈಗೂ ಬಿಸಿ ತಾಗುವುದಿಲ್ಲ.

ಈ ಮರಳುವಿಕೆ ನಿಧಾನವಾಗಿರುವುದಕ್ಕೆ ಕಾರಣ ಗಾಳಿಯಲ್ಲಿ ಆ ಅನಿಲ ಬಹಳ ತೆಳುವಾಗಿರುವುದು. ಕೈಗಾರಿಕಾ ಯುಗಕ್ಕೆ ಮುಂಚಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 280 ಪಾಲು. ಒಂದು ಕಿಲೋ ಅರಳಿದ ಸುಣ್ಣ ಕಲ್ಲಾಗಬೇಕಿದ್ದರೆ ಸುಮಾರು 1,200 ಘನ ಮೀಟರ್ ಗಾಳಿಯಲ್ಲಿರುವ ಅಷ್ಟೂ ಅನಿಲ ಬೇಕಿತ್ತು. ಬದಲಾವಣೆ ಹೊರಮೈಯಿಂದ ಒಳಕ್ಕೆ ಸಾಗುವುದರಿಂದ ಆಳ ಹೆಚ್ಚಿದಂತೆ ವೇಗವೂ ಕುಗ್ಗುತ್ತದೆ. ಗಾರೆ ಹೊದಿಕೆಯನ್ನು ಒಂದೇ ಸಲ ದಪ್ಪನಾಗಿ ಮೆತ್ತದೆ ತೆಳುವಾಗಿ ಪದರು ಮೇಲೆ ಪದರು ಕೊಡುವುದು, ಅನಿಲ ಕರಗಲು ತೇವ ಬೇಕಾದ್ದರಿಂದ ಗೋಡೆಗೆ ದಿನವೂ ನೀರುಣಿಸುವುದು ಕಸುಬಿನ ಕಟ್ಟುನಿಟ್ಟಾದ ನಿಯಮಗಳಾಗಿದ್ದವು.

ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವುದರಲ್ಲಿಯೂ ಇದೇ ಕ್ರಮ. ಚಿಟಿಕೆ ನೀಲಿ ಬೆರೆಸಿದ ಸುಣ್ಣದ ನೀರು ಬಳಿದಾಗ ಗೋಡೆ ಮಂಕಾಗಿಯೇ ಇರುತ್ತದೆ. ನೀರು ಆರಿದಂತೆ ಬೆಳ್ಳಗಾಗುತ್ತದೆ. ಇದು ಭೌತ ಬದಲಾವಣೆ. ಮುಂದಿನ ದಿನಗಳಲ್ಲಿ ಗಾಳಿಯ ಅನಿಲ ಸೇರಿ ಗೋಡೆಗೆ ತೆಳುವಾದ ಕಲ್ಲಿನ ಪೊರೆ ಬರುತ್ತದೆ. ಇದು ರಾಸಾಯನಿಕ ಬದಲಾವಣೆ. ಚೆನ್ನಾಗಿ ಕೂತ ಸುಣ್ಣ ಅಂಗೈಗೆ ಅಷ್ಟಾಗಿ ಹತ್ತುವುದಿಲ್ಲ.

ಸುರ್ಕಿ ಮತ್ತು ಕನ್ನಂಬಾಡಿ

ಗಾಳಿಯನ್ನು ನೆಚ್ಚಿ ಗಟ್ಟಿಯಾಗುವ ಸುಣ್ಣ ನೀರೊಳಗಿನ ಕೆಲಸಕ್ಕೆ ಒದಗುವುದಿಲ್ಲ. ಅದಕ್ಕೆ ಉತ್ತರ ಸುರ್ಕಿ. ಹದವಾಗಿ ಸುಟ್ಟ ಜೇಡಿಮಣ್ಣಿನ ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಸುಣ್ಣದೊಂದಿಗೆ ಅರೆದರೆ, ಪುಡಿಯಲ್ಲಿನ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣ ಹಾಗೂ ನೀರಿನೊಂದಿಗೆ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಇವು ನೀರಿನಲ್ಲಿಯೂ ಗಟ್ಟಿಯಾಗುತ್ತವೆ, ಗಾಳಿ ಬೇಕಿಲ್ಲ. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಪಡೆದದ್ದೂ ಇದೇ ಗುಣವನ್ನು. ಇಲ್ಲಿ ಅನಿಲ ಮರಳಿ ಸೇರುವುದಕ್ಕೆ ಬದಲಾಗಿ ಕಲಸಿದ ನೀರೇ ಕಲ್ಲಿನ ಭಾಗವಾಗಿ ಉಳಿಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ಸುರ್ಕಿಯ ಅತಿ ದೊಡ್ಡ ಪರೀಕ್ಷೆ ನಡೆದದ್ದು ಕನ್ನಂಬಾಡಿಯಲ್ಲಿ. ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. ಸಿಮೆಂಟ್ ಆಗ ಹೆಚ್ಚಾಗಿ ಹೊರದೇಶದಿಂದ ಹಡಗಿನಲ್ಲಿ ಬರುವ ದುಬಾರಿ ಸರಕು. ಸುಮಾರು 2.6 ಕಿಲೋಮೀಟರ್ ಉದ್ದದ, ಸುಮಾರು 40 ಮೀಟರ್ ಎತ್ತರದ ಆ ಕಟ್ಟೆಗೆ ಕಲ್ಲು ಕಟ್ಟಲು ಸುಣ್ಣ–ಸುರ್ಕಿಯ ಗಾರೆಯನ್ನೇ ಬಳಸಲಾಯಿತು. ಅಷ್ಟು ದಪ್ಪದ ಕಟ್ಟೆಯ ನಡುಭಾಗಕ್ಕೆ ಗಾಳಿ ತಲುಪುವುದೇ ಇಲ್ಲ. ಬರೀ ಸುಣ್ಣದ ಗಾರೆಯಾಗಿದ್ದರೆ ಒಳಗೆ ಹಸಿಯಾಗಿಯೇ ಉಳಿದು, ಸೋರುವ ನೀರಿನೊಡನೆ ಕರಗಿಹೋಗುತ್ತಿತ್ತು.

ಆಲೆಮನೆ, ಓಕುಳಿ, ಅಡಿಕೆ ತೋಟ

ಗೂಡಿನ ಸುಣ್ಣ ಕಟ್ಟಡದಾಚೆಗೂ ಹೋಗುತ್ತಿತ್ತು. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸ್ವಲ್ಪ ಸುಣ್ಣ ಹಾಕಿದರೆ ಹುಳಿ ತಗ್ಗಿ, ಕಶ್ಮಲ ಹೆಪ್ಪುಗಟ್ಟಿ ಮೇಲೆ ತೇಲುತ್ತದೆ. ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಸುಣ್ಣದ ಕೆಲಸ ರಾಸಾಯನಿಕವಾದರೆ, ನೀರು ಆವಿಯಾಗಿ ಹಾಲು ಪಾಕವಾಗುವುದು ಬಹುಮಟ್ಟಿಗೆ ಭೌತ ಬದಲಾವಣೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಅರಿಶಿನದ ಬಣ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗುವುದರಿಂದ ಓಕುಳಿ, ಆರತಿಯ ಕೆಂಪು ನೀರು ಸಿದ್ಧವಾಗುತ್ತದೆ. ಹುಳಿ ಹಿಂಡಿದರೆ ಹಳದಿ ಮರಳುತ್ತದೆ. ಚರ್ಮ ಹದಮಾಡುವವರು ಕೂದಲು ಸಡಿಲಿಸಲು ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು.

ಮಲೆನಾಡಿಗೆ ಸುಣ್ಣ ಹೊಸ ರೂಪದಲ್ಲಿ ಬಂದದ್ದು ಅಡಿಕೆಯ ಕೊಳೆರೋಗದಿಂದಾಗಿ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಕ್ರಮ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಇಂದಿನ ರೂಢಿಯ ಪ್ರಮಾಣ. ಹದ ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಸುಣ್ಣ ಹಳತಾಗಿ ಗಾಳಿಯ ಅನಿಲ ಹೀರಿದ್ದರೆ ತೂಕ ಸರಿಯಿದ್ದರೂ ದ್ರಾವಣ ಹದಕ್ಕೆ ಬರುವುದಿಲ್ಲ. ತೋಟದವರು ಹೊಸದಾಗಿ ಸುಟ್ಟ ಸುಣ್ಣವನ್ನೇ ಕೇಳುವುದು ಅದಕ್ಕಾಗಿ.

ಸಿಮೆಂಟಿನ ಕಾಲ

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದಿದ್ದ. ಭಾರತದಲ್ಲಿ ಅದರ ನಿರಂತರ ತಯಾರಿಕೆ 1914ರಲ್ಲಿ ಪೋರಬಂದರಿನಲ್ಲಿ ಶುರುವಾಯಿತು. ಮುಂದೆ ಶಹಾಬಾದಿನಲ್ಲೂ ಭದ್ರಾವತಿಯಲ್ಲೂ ಕಾರ್ಖಾನೆಗಳೆದ್ದವು. ಗಂಟೆಗಳಲ್ಲಿ ಬಿಗಿಯುವ, ವಾರಗಳಲ್ಲಿ ಪೂರ್ಣ ಬಲ ಪಡೆಯುವ ಸಿಮೆಂಟಿನ ಎದುರು ತಿಂಗಳು ಕಾಯಿಸುವ ಗಾರೆ ನಿಲ್ಲಲಿಲ್ಲ. 20ನೇ ಶತಮಾನದ ಉತ್ತರಾರ್ಧದಲ್ಲಿ ಊರ ಗೂಡುಗಳು ಒಂದೊಂದಾಗಿ ಆರಿದವು. ಸೌದೆಯ ಅಭಾವ, ಬಣ್ಣದ ಡಬ್ಬಿಗಳ ಬಳಕೆ ಕೂಡ ಇದಕ್ಕೆ ಸೇರಿಕೊಂಡವು.

ತೂಕದ ಲೆಕ್ಕದಲ್ಲಿ ಸಿಮೆಂಟಿಗೂ ಸುಣ್ಣಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿಮೆಂಟಿನ ಕ್ಲಿಂಕರ್ ಮಾಡಲೂ ಸುಣ್ಣಕಲ್ಲನ್ನೇ ಸುಡಬೇಕು. ಒಂದು ಟನ್ ಕ್ಲಿಂಕರಿಗೆ ಇಂಧನದ ಹೊಗೆಯನ್ನು ಬಿಟ್ಟು, ಕಲ್ಲಿನಿಂದಲೇ ಅರ್ಧ ಟನ್ನಿಗೂ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಿಮೆಂಟ್ ಗಟ್ಟಿಯಾಗುವುದು ಸುರ್ಕಿಯಂತೆ ನೀರಿನಿಂದ. ಹಾಗಾಗಿ ಬಿಟ್ಟ ಅನಿಲದಲ್ಲಿ ಒಂದು ಭಾಗವನ್ನು ಮಾತ್ರ ಕಾಂಕ್ರೀಟ್ ದಶಕಗಳ ಮೇಲೆ ಮರಳಿ ಹೀರುತ್ತದೆ. ಉಳಿದದ್ದು ವಾತಾವರಣದ ಲೆಕ್ಕಕ್ಕೆ ಸೇರುತ್ತದೆ. ಸೌದೆ, ಕಲ್ಲಿದ್ದಲಿನ ಅನಿಲವನ್ನು ಗಾರೆಯೂ ಹಿಂದಕ್ಕೆ ಪಡೆಯುವುದಿಲ್ಲ; ಕಲ್ಲಿನ ಪಾಲನ್ನು ಮಾತ್ರ ಪಡೆಯುತ್ತದೆ.

ಸುಣ್ಣದ ಉದ್ಯಮ ಇಂದು ಉಕ್ಕು, ಸಕ್ಕರೆ, ನೀರು ಶುದ್ಧೀಕರಣದಂಥ ಕೈಗಾರಿಕೆಗಳಿಗಾಗಿ ನಡೆಯುತ್ತಿದೆ. ಗಾರೆಯ ಕೆಲಸ ಮುಖ್ಯವಾಗಿ ಉಳಿದಿರುವುದು ಹಳೆಯ ಸ್ಮಾರಕಗಳ ದುರಸ್ತಿಯಲ್ಲಿ. ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ, ಲವಣಗಳು ಹರಳುಗಟ್ಟಿ ಇಟ್ಟಿಗೆಯನ್ನೇ ಉದುರಿಸುತ್ತವೆ. ಸುಣ್ಣದ ಹೊದಿಕೆ ತೇವವನ್ನು ತಡೆಯುವುದಿಲ್ಲ, ಗೋಡೆಯೊಂದಿಗೆ ಹಿಗ್ಗಿ ಕುಗ್ಗುತ್ತದೆ, ಕೂದಲೆಳೆಯಷ್ಟು ಬಿರುಕುಗಳನ್ನು ಮಳೆನೀರಿನಲ್ಲಿ ಕರಗಿದ ಸುಣ್ಣದಿಂದ ತಾನೇ ಮುಚ್ಚಿಕೊಳ್ಳುತ್ತದೆ. ದುರಸ್ತಿಗೆ ಮುಂಚೆ ಹಳೆಯ ಗಾರೆಯ ಚೂರನ್ನು ಆಮ್ಲದಲ್ಲಿ ಕರಗಿಸಿ, ಹೊರಟ ಅನಿಲವನ್ನೂ ಉಳಿದ ಮರಳನ್ನೂ ತೂಗಿ ಸುಣ್ಣ–ಮರಳಿನ ಪ್ರಮಾಣ ಕಂಡುಹಿಡಿಯುತ್ತಾರೆ. ಹೊಸ ಗಾರೆಯನ್ನು ಕಲಸುವುದು ಆ ಪ್ರಮಾಣವನ್ನು ನೋಡಿಕೊಂಡು.